ಕೆಮ್ಮು ನಿಲ್ಲಿಸುವವರ ನಡುವೆ

ನಿವೃತ್ತಿಯಾದ ಮೇಲೆ ನನಗೆ ಶಾಲು ಹೊದಿಸಿದವರೆಲ್ಲ ಒಂದೇ ಮಾತು ಹೇಳಿದರು: ‘ಮೇಡಂ, ಈಗಿನ ಹುಡುಗರಿಗೆ ನಾಲ್ಕು ಹಿತವಚನ ಬರೀರಿ.’ ಹಿತವಚನ ನನ್ನ ಹತ್ತಿರ ಇಲ್ಲ. ಇರುವುದು ಸಿಟ್ಟು. ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರ ಎದೆರೋಗ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ವೈದ್ಯೆಯಾಗಿ ದುಡಿದೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ, ನಿಮಗಂತೂ ಬೇಡವೇ ಬೇಡ. ಸದಾಶಿವನಗರದ ಮನೆಯಲ್ಲಿ ಸುಮ್ಮನೆ ಕೂತಾಗ ನೆನಪಾಗುವುದು ಒಂದೇ ಕಾಯಿಲೆ, ಅದು ಕಣ್ಣೆದುರಿಗೇ ಇದ್ದರೂ ಕಾಣದೆ ಹೋದ ನಮ್ಮ ಜಾಣರು, ಮತ್ತು ಖಾನಾಪುರದ ಕಡೆಯ ಪದ್ಮವ್ವ ಎಂಬ ಹೆಂಗಸು.

ಮೊದಲು ಕಾಯಿಲೆಯ ಮಾತು. ವರ್ಷಗಟ್ಟಲೆ ಹೊಗೆ, ದೂಳು ಕುಡಿದ ಎದೆಯಲ್ಲಿ ಉಸಿರಿನ ಕೊಳವೆಗಳು ಕಿರಿದಾಗುತ್ತವೆ. ನಾವು ಅದಕ್ಕೆ ಸಿಒಪಿಡಿ ಎನ್ನುತ್ತೇವೆ, ಊರವರು ದಮ್ಮು ಎನ್ನುತ್ತಾರೆ. ಅದು ವಿಪರೀತಕ್ಕೆ ಹೋದವರಲ್ಲಿ ಎಷ್ಟೋ ಜನಕ್ಕೆ ಇನ್ನೊಂದು ಪೀಡೆಯೂ ಜೊತೆಯಾಗುತ್ತದೆ. ಕೊಳವೆಗಳ ಗೋಡೆ ಅಲ್ಲಲ್ಲಿ ಕೆಟ್ಟು, ಬಿಗಿ ಕಳೆದುಕೊಂಡು, ಜೋತು ಅಗಲವಾಗುತ್ತದೆ. ಅದು ಬ್ರಾಂಕಿಯೆಕ್ಟಾಸಿಸ್. ತಗ್ಗುಬಿದ್ದ ಗಟಾರಿನಲ್ಲಿ ನೀರು ನಿಂತ ಹಾಗೆ ಅಲ್ಲಿ ಕಫ ನಿಲ್ಲುತ್ತದೆ, ಕೊಳೆಯುತ್ತದೆ, ಕೀವಾಗುತ್ತದೆ. ಒಂದೇ ಎದೆಯಲ್ಲಿ ಒಂದು ಕಡೆ ಕಿರಿದಾದ ಕೊಳವೆ, ಇನ್ನೊಂದು ಕಡೆ ಜೋತುಬಿದ್ದ ಕೊಳವೆ. ಇಂಥವರು ಬರಿಯ ದಮ್ಮಿನವರಿಗಿಂತ ಹೆಚ್ಚು ಸಲ ಆಸ್ಪತ್ರೆ ಸೇರುತ್ತಾರೆ, ಬೇಗ ಸೋಲುತ್ತಾರೆ. ಅವರ ಕಫ ದಿನಾ ಹೊರಗೆ ಬರಬೇಕು. ಅದಕ್ಕೆ ಮೈಯೇ ಕಂಡುಕೊಂಡ ಉಪಾಯ ಕೆಮ್ಮು. ಆ ಕೆಮ್ಮಿನ ಕತ್ತು ಹಿಸುಕುವುದನ್ನೇ ನಾವು ಚಿಕಿತ್ಸೆ ಎಂದು ಕರೆದೆವು.

ನಾನು ಕೆಲಸಕ್ಕೆ ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರ ಹೆಸರು ಹೇಳುವುದಿಲ್ಲ. ವಾರ್ಡಿನಲ್ಲಿ ಅವರು ಗಾಳಿ ಬೀಸಿದಂತೆ ಬಂದು ಹೋಗುತ್ತಿದ್ದರು. ಹಾಸಿಗೆಯ ಕಾಲ ಬಳಿ ನಿಂತು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ದಮ್ಮು’ ಇಲ್ಲವೇ ‘ಟಿಬಿ’ ಅನ್ನುತ್ತಿದ್ದರು. ಅವರ ಪ್ರಪಂಚದಲ್ಲಿ ಮೂರನೆಯ ಕಾಯಿಲೆ ಇರಲಿಲ್ಲ. ನಾನೊಮ್ಮೆ, ‘ಸರ್, ಈ ರೋಗಿಗೆ ಕಫ ಭಾಳ ಬರ್ತದ, ವಾಸನಿ ಐತಿ’ ಎಂದೆ. ‘ನಿಮಗ ವಾಸನಿ ತಡಿಯಾಕ ಆಗಲಿಲ್ಲಂದ್ರ ಕಣ್ಣಿನ ಡಾಕ್ಟರ್ ಆಗಬೇಕಿತ್ತವಾ’ ಎಂದರು. ಸುತ್ತ ನಿಂತವರೆಲ್ಲ ನಕ್ಕರು. ಅಂದು ನಕ್ಕವರಲ್ಲಿ ಇಬ್ಬರು ಇಂದು ಈ ಊರಿನ ಹೆಸರಾಂತ ಎದೆರೋಗ ತಜ್ಞರು.

ಮಾರುತಿ ಎಂಬವನ ಕಥೆಯೂ ಆ ಕಾಲದ್ದೇ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚಿನ ಮರಳು ಜಾಡಿಸುವ ಕೆಲಸ ಅವನದು. ಚಿಕ್ಕಂದಿನಲ್ಲಿ ಟಿಬಿ ಬಂದು ವಾಸಿಯಾಗಿತ್ತು. ಮುಂದೆ ದೂಳು, ಬೀಡಿ ಎರಡೂ ಸೇರಿ ಎದೆ ಹಾಳಾಯಿತು, ಹಳೆಯ ಗಾಯದ ಜಾಗದಲ್ಲಿ ಕೊಳವೆಗಳು ಜೋತವು. ಕಫ ಬರುತ್ತಿತ್ತು, ಆಗಾಗ ಅದರಲ್ಲಿ ರಕ್ತ. ರಕ್ತ ಕಂಡಾಗಲೆಲ್ಲ ನಮ್ಮವರು ಟಿಬಿ ಗುಳಿಗೆ ಶುರುಮಾಡುತ್ತಿದ್ದರು. ಕಫದ ಪರೀಕ್ಷೆಯಲ್ಲಿ ಟಿಬಿಯ ಸುಳಿವೂ ಇರುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇವನ ಯಕೃತ್ತು ಹಾಳಾಗುವವರೆಗೆ ಎಳೆದರು.

ಮಾರುತಿಯ ಮಗಳಿಗೆ ಸಂಬಂಧ ಕೂಡಿಬಂದಿತ್ತು. ಅಪ್ಪನಿಗೆ ಟಿಬಿ ಎಂಬ ಸುದ್ದಿ ಹಬ್ಬಿ ಬೀಗರು ಹಿಂಜರಿದರು. ಅವನು ಅವರನ್ನೇ ಕರೆದುಕೊಂಡು ನನ್ನ ಓಪಿಡಿಗೆ ಬಂದ. ಈ ಕಡೆಯವರು ಡಾಕ್ಟರಮ್ಮನನ್ನು ಬಾಯಾರ ಎಂದು ಕರೆಯುತ್ತಾರೆ. ‘ಬಾಯಾರ, ನನಗ ಏನಾಗೇತಿ ಅಂತ ಇವರ ಮುಂದ ಖರೇ ಹೇಳ್ರಿ. ನನಗಲ್ಲ, ಮಗಳಿಗೆ ಬೇಕಾಗೇತ್ರಿ’ ಎಂದ. ನಾನು ಬಿಡಿಸಿ ಹೇಳಿದೆ. ಇದು ಹಳೆಯ ಗಾಯ, ಅಂಟುವ ಟಿಬಿ ಅಲ್ಲ, ಮನೆಯವರಿಗೆ ಯಾವ ಭಯವೂ ಇಲ್ಲ ಎಂದೆ. ಗಂಡಿನ ತಂದೆ ತಲೆ ಆಡಿಸಿದರು. ಅಷ್ಟರಲ್ಲಿ ನಮ್ಮ ಮುಖ್ಯಸ್ಥರು ಒಳಗೆ ಬಂದರು. ‘ಟಿಬಿ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೆಂಗ ಹೇಳ್ತೀರಿ? ಮುಂಜಾಗ್ರತೆಗೆ ಗುಳಿಗಿ ನಡದಾವಲ್ಲ’ ಎಂದು ಎಲ್ಲರೆದುರೇ ಅಂದು, ಬಂದ ಹಾಗೆಯೇ ಹೊರಟುಹೋದರು. ಬೀಗರು ಎದ್ದರು. ಹೋಗುವಾಗ ಮಾರುತಿ ಕೂತಿದ್ದ ಬೆಂಚನ್ನು ಸಹ ಮುಟ್ಟದೆ ಸುತ್ತಿ ಹೋದರು.

ಆ ಸಂಬಂಧ ಮುರಿಯಿತು. ಅದಕ್ಕೆ ಹೊಣೆ ಯಾರು ಎಂದು ನಮ್ಮ ವಿಭಾಗದಲ್ಲಿ ಯಾರೂ ಕೇಳಲಿಲ್ಲ. ಔಷಧ ತಪ್ಪಾದರೆ ವಿಚಾರಣೆ ಮಾಡುತ್ತಾರೆ. ಮಾತು ತಪ್ಪಾದರೆ ಕೇಳುವವರಿಲ್ಲ. ಹುಡುಗರೇ, ನೀವು ಆಡುವ ಒಂದು ಮಾತು ರೋಗಿಯ ಮನೆಯವರೆಗೆ ಹೋಗುತ್ತದೆ, ಅಡುಗೆಮನೆಗೆ ಹೋಗುತ್ತದೆ, ಮದುವೆ ಮಾತುಕತೆಗೆ ಹೋಗುತ್ತದೆ. ಬಾಯಿ ತೆರೆಯುವ ಮುಂಚೆ ಇಷ್ಟನ್ನಾದರೂ ಯೋಚಿಸಿ.

ಮುಂದೆ ಸಿ.ಟಿ. ಸ್ಕ್ಯಾನ್ ಬಂತು. ಎಕ್ಸ್‌ರೇಯಲ್ಲಿ ಬರೀ ಮಬ್ಬಾಗಿ ಕಾಣುತ್ತಿದ್ದದ್ದು ಈಗ ಸ್ಪಷ್ಟವಾಗಿ ಕಂಡಿತು. ಜೋತ ಕೊಳವೆಗಳು, ಅವುಗಳ ತಳದಲ್ಲಿ ನಿಂತ ಕೀವು, ಎಲ್ಲ. ನಾನು ಕುಣಿದಾಡುವಷ್ಟು ಖುಷಿಪಟ್ಟೆ. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಮಾತು ನಮ್ಮವರಿಗೆ ಗೊತ್ತಿರಲಿಲ್ಲ. ಕನ್ನಡಿ ಬಂದದ್ದೇ ತಡ, ಅಂಗೈ ನೋಡುವುದನ್ನು ಬಿಟ್ಟರು. ಎದೆಗೆ ಸ್ಟೆತಸ್ಕೋಪ್ ಇಡುವವರು ಕಡಿಮೆಯಾದರು. ‘ಕಫ ಎಷ್ಟು ಬರ್ತದ, ಯಾವ ಬಣ್ಣ’ ಎಂದು ಕೇಳುವವರಂತೂ ಇಲ್ಲವೇ ಇಲ್ಲ. ಸ್ಕ್ಯಾನಿನ ವರದಿಯಲ್ಲಿ ಕೊನೆಯ ಸಾಲಿಗೆ ಬ್ರಾಂಕಿಯೆಕ್ಟಾಸಿಸ್ ಎಂದು ಬರೆದಿದ್ದರೂ ಮೊದಲ ಸಾಲಿನ ಸಿಒಪಿಡಿ ಓದಿ ಮಡಿಚಿಡುತ್ತಿದ್ದರು.

ಇನ್ನೊಂದು ಸಿಟ್ಟು ಇದೆ, ಅದನ್ನೂ ಇಲ್ಲೇ ಕಕ್ಕಿಬಿಡುತ್ತೇನೆ. ಕಣಕುಂಬಿಯಲ್ಲಿ ಒಮ್ಮೆ ಆರೋಗ್ಯ ಶಿಬಿರ ಇತ್ತು. ಆ ಮಲೆನಾಡಿನ ಹೆಂಗಸರು ಹಸಿ ಸೌದೆಯ ಒಲೆ ಊದಿ ಊದಿ ಬೆಳೆದವರು. ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ತರುಣ ವೈದ್ಯರು ಪ್ರತಿಯೊಬ್ಬಳಿಗೂ ಕೇಳಿದ ಪ್ರಶ್ನೆ ಒಂದೇ: ‘ಬೀಡಿ ಸೇದ್ತೀರೇನು?’ ಆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಲ್ಲ ಎಂದರೆ ಸಿಒಪಿಡಿ ಅಲ್ಲ, ಬರೀ ಅಲರ್ಜಿ. ಕೈಗೊಂದು ಕೆಮ್ಮಿನ ಬಾಟಲಿ, ಮುಂದಿನವರು ಬರ್ರಿ. ಹೊಗೆಗೆ ಬೀಡಿಯೇ ಬೇಕೆಂದು ಈ ಪುಣ್ಯಾತ್ಮರಿಗೆ ಯಾರು ಕಲಿಸಿದರೋ.

ಪದ್ಮವ್ವ ನನ್ನ ಬಳಿ ಬಂದದ್ದೂ ಇಂಥ ಬಾಟಲಿಗಳ ಚೀಲ ಹಿಡಿದುಕೊಂಡೇ. ಖಾನಾಪುರದ ಆಚೆಯ ಹಳ್ಳಿಯ ಜೈನ ಮನೆತನ. ಮನೆಯಲ್ಲಿ ಎಮ್ಮೆಗಳಿದ್ದವು. ಕುಂದಾ ಎಂಬ ಸಿಹಿ ಮಾಡುವ ಅಂಗಡಿಗಳಿಗೆ ಹಾಲು ಬತ್ತಿಸಿ ಖವಾ ಕಾಸಿ ಕೊಡುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಪದ್ಮವ್ವ ಆ ಭಟ್ಟಿಯ ಮುಂದೆ ನಿಂತಿದ್ದಳು. ಹಾಲು ತಳ ಹಿಡಿಯಬಾರದು, ಹಾಗಾಗಿ ಹೊಗೆ ಎದ್ದರೂ ಪಕ್ಕಕ್ಕೆ ಸರಿಯುವಂತಿಲ್ಲ. ಅವಳು ಬೀಡಿಯನ್ನು ದೂರದಿಂದಲೂ ಕಂಡವಳಲ್ಲ. ಅವಳ ಎದೆಯ ಸ್ಥಿತಿ ಮಾತ್ರ ದಿನಕ್ಕೆ ಕಟ್ಟುಗಟ್ಟಲೆ ಸೇದಿದವನದಕ್ಕಿಂತ ಕೆಟ್ಟದಾಗಿತ್ತು.

ಮಗ ಅಜಿತ ಅವಳನ್ನು ಮೇಲಿಂದ ಮೇಲೆ ಆಸ್ಪತ್ರೆಗೆ ತರುತ್ತಿದ್ದ. ಪ್ರತಿ ಸಲವೂ ಜ್ವರ, ಏದುಸಿರು, ಆಮ್ಲಜನಕ, ಸ್ಟಿರಾಯ್ಡ್, ಮನೆಗೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ. ದಾಖಲೆಯಲ್ಲಿ ಪ್ರತಿ ಸಲವೂ ‘ಕಫ ಇಲ್ಲ’ ಎಂದಿತ್ತು. ನಾನು ಎದೆಗೆ ಕಿವಿ ಕೊಟ್ಟರೆ ಬೆನ್ನಿನ ಕೆಳಭಾಗದಲ್ಲಿ ಗುಳುಗುಳು ಸದ್ದು. ಕಫವಿಲ್ಲದ ಎದೆ ಹೀಗೆ ಮಾತಾಡುವುದಿಲ್ಲ. ಸ್ಕ್ಯಾನ್ ತೆಗೆಸಿದೆ. ಎರಡೂ ಶ್ವಾಸಕೋಶಗಳ ತಳದಲ್ಲಿ ಕೊಳವೆಗಳು ಜೋತುಬಿದ್ದಿದ್ದವು. ದಿನವಿಡೀ ಬರುವ ಕಫವನ್ನು ಒಂದು ಡಬ್ಬಿಯಲ್ಲಿ ಕೂಡಿಸಿಡಲು ಹೇಳಿ ಬಂದೆ. ಮರುದಿನ ಡಬ್ಬಿ ಖಾಲಿ. ಡ್ಯೂಟಿಯ ಡಾಕ್ಟರ್ ‘ರೋಗಿ ಸಹಕರಿಸುವುದಿಲ್ಲ’ ಎಂದು ಬರೆದಿಟ್ಟಿದ್ದ.

ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಸೊಕ್ಕಿನ ಮಾತು ಇನ್ನೊಂದಿಲ್ಲ. ಸಹಕರಿಸುವುದಿಲ್ಲ! ಯಾಕೆ ಎಂದು ಕೇಳಲು ನಿನಗೆ ಬಾಯಿ ಇರಲಿಲ್ಲವೇನಪ್ಪ? ಅವನನ್ನು ಬೈದು, ನಾನೇ ಹೋಗಿ ಅವಳ ಹಾಸಿಗೆಯ ಮೇಲೆ ಕೂತೆ.

‘ಪದ್ಮವ್ವಾ, ಕಫ ಬರ್ತದೋ ಇಲ್ಲೋ? ನನ್ನ ಮುಂದ ಖರೇ ಹೇಳ್ರಿ.’

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. ‘ಬರ್ತದ್ರಿ ಬಾಯಾರ. ಭಾಳ ಬರ್ತದ. ಮುಂಜಾನೆ ಮನ್ಯಾಗಿದ್ರ ಹಿತ್ತಲಕ್ಕ, ಇಲ್ಲಿ ದವಾಖಾನಿ ಹಿಂದಕ್ಕ ಹೋಗಿ ಹಾಕಿ, ಮ್ಯಾಲ ಒಣ ಬೂದಿ ಮುಚ್ಚಿ ಬರ್ತೀನ್ರಿ.’

‘ಮತ್ತ ಡಬ್ಬ್ಯಾಗ ಯಾಕ ಹಾಕಲಿಲ್ಲ?’

‘ಅದನ್ನ ದಿನಾಪೂರ್ತಿ ಹಸೀನ ಇಟ್ರ ಅದರಾಗ ಜೀವ ಹುಟ್ಟತಾವ್ರಿ. ಆಮ್ಯಾಲ ನೀವು ಅದನ್ನ ಸುಡ್ತೀರಿ, ಔಷಧ ಹಾಕಿ ಕೊಲ್ಲತೀರಿ. ನನ್ನ ಎದಿ ಸಲುವಾಗಿ ಅಷ್ಟು ಹಿಂಸಾ ಯಾಕ್ರಿ? ನಮ್ಮ ಧರ್ಮದಾಗ ಉಗುಳೂದಕ್ಕೂ ಒಂದು ಕ್ರಮ ಐತ್ರಿ.’

ಅವಳ ಕಫ ಯಾರ ಕಣ್ಣಿಗೂ ಬೀಳದಿದ್ದದ್ದು ಹೀಗೆ. ಮಗ ನೋಡಿರಲಿಲ್ಲ, ಸೊಸೆ ನೋಡಿರಲಿಲ್ಲ. ‘ಕಫ ಉಗಳ್ತೀರೇನು’ ಎಂದು ಡಾಕ್ಟರರು ನಡೆಯುತ್ತಲೇ ಕೇಳಿದಾಗಲೆಲ್ಲ ಅವಳು ಇಲ್ಲ ಎಂದಿದ್ದಳು, ಕಂಡಕಂಡಲ್ಲಿ ಉಗುಳುವವಳು ಎಂದು ತಿಳಿದಾರೆಂಬ ನಾಚಿಕೆಗೆ. ಮುಂಜಾನೆ ಎದೆ ಖಾಲಿ ಮಾಡಿ, ಬಾಯಿ ತೊಳೆದು, ಮಡಿ ಸೀರೆ ಉಟ್ಟು ಆಸ್ಪತ್ರೆಗೆ ಬರುತ್ತಿದ್ದಳು. ಅದರಲ್ಲಿ ಅವಳ ತಪ್ಪೇನಿದೆ? ಪಕ್ಕದಲ್ಲಿ ಕೂತು ಎರಡು ಮಾತು ಆಡಿದ್ದರೆ ಸಾಕಿತ್ತು, ಆ ಎರಡು ಮಾತಿಗೆ ನಮ್ಮಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ.

ದಾರಿ ಸುಲಭವಾಗಿಯೇ ಸಿಕ್ಕಿತು. ಕೂಡಿಸಿಡುವುದು ಬೇಡ ಎಂದೆ. ಬೆಳಗಿನ ಹೊತ್ತು ನರ್ಸ್ ಎದುರಿಗೆ ಕೆಮ್ಮುವುದು, ಆಗಿಂದಾಗಲೇ ಅಳೆಯುವುದು, ಚೂರು ಲ್ಯಾಬಿಗೆ ಕಳಿಸುವುದು, ಉಳಿದದ್ದಕ್ಕೆ ಅವಳ ಬೂದಿ. ಅವಳು ಬಹಳ ಯೋಚಿಸಿ ಒಪ್ಪಿದಳು. ಲ್ಯಾಬಿನಲ್ಲಿ ಬೆಳೆದದ್ದು ಹಟಮಾರಿ ಕ್ರಿಮಿ, ಸೂಡೋಮೊನಾಸ್. ಅಷ್ಟು ವರ್ಷ ಅವಳು ನುಂಗಿದ ಯಾವ ಗುಳಿಗೆಗೂ ಜಗ್ಗದ ಜಾತಿ. ಅದಕ್ಕೆ ತಕ್ಕ ಇಂಜೆಕ್ಷನ್ ಪೂರ್ತಿ ಕೊಟ್ಟೆವು. ಸೋಂಕಿಗೆ ದಾರಿ ಮಾಡಿಕೊಡುತ್ತಿದ್ದ, ಬಾಯಿಗೆ ಹಿಡಿದು ಎಳೆಯುವ ಸ್ಟಿರಾಯ್ಡ್ ಪಂಪನ್ನು ಬದಲಿಸಿದೆ. ದಿನಾ ಕಫ ತೆಗೆಯುವುದನ್ನು ಕಲಿಸಿದೆವು. ಮಗ್ಗುಲಾಗಿ ಮಲಗಿ ನಿಧಾನ ದೀರ್ಘ ಉಸಿರು, ಆಮೇಲೆ ಕನ್ನಡಿಯ ಮೇಲೆ ಹಬೆ ಹಾಯಿಸುವ ಹಾಗೆ ಬಾಯಿ ತೆರೆದು ‘ಹಾ’ ಎಂದು ಉಸಿರು ದಬ್ಬುವುದು. ಗಂಟಲು ಕಿತ್ತುಹೋಗುವಂತೆ ಕೆಮ್ಮುವುದು ಬೇಕಿಲ್ಲ.

ಆ ವರ್ಷ ಅವಳು ಅಡ್ಮಿಟ್ ಆಗಲೇ ಇಲ್ಲ. ತಪಾಸಣೆಗೆ ಬಂದಾಗ ಖಾನಾಪುರದ ಬಸ್ಸಿಳಿದು, ಸಿಟಿ ಬಸ್ಸು ಹಿಡಿದು, ತಾನೇ ನಡೆದು ಬರುತ್ತಿದ್ದಳು. ‘ಏನ್ ಪದ್ಮವ್ವಾ, ಹೆಂಗದೀರಿ’ ಎಂದರೆ, ‘ಮುಂಜಾನೆ ಎದಿ ಕಸಾ ಹೊಡದು ಬಂದೇನ್ರಿ’ ಎನ್ನುತ್ತಿದ್ದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಅವರ ಊರಿಗೆ ದಿಗಂಬರ ಮುನಿಗಳು ಬಂದರು. ಮುನಿಗಳಿಗೆ ಆಹಾರ ನೀಡುವ ಪುಣ್ಯ ಪದ್ಮವ್ವನ ಮನೆಗೂ ಒದಗಿತು. ಆ ಹೊತ್ತಿನಲ್ಲಿ ಕೆಮ್ಮಿದರೆ ಊಟಕ್ಕೆ ಅಡ್ಡಿ, ಅಂತರಾಯವಾಗಿ ಮುನಿಗಳು ಉಪವಾಸ ಉಳಿದಾರು ಎಂದು ಅವಳು ಹೆದರಿದಳು. ಊರ ಹತ್ತಿರದ ಡಾಕ್ಟರರೊಬ್ಬರಿಗೆ ಅಜಿತ ವಿಷಯ ಹೇಳಿದ. ಅವರು ಕೆಮ್ಮು ಅಡಗಿಸುವ, ಮಂಪರು ತರುವ ಔಷಧ ಬರೆದುಕೊಟ್ಟರು. ಪದ್ಮವ್ವ ಅದನ್ನು ಮುನಿಗಳ ಸೇವೆ ಮುಗಿಯುವವರೆಗೆ ಕುಡಿದಳು. ಕೆಮ್ಮು ಬರಲಿಲ್ಲ. ಕಫವೂ ಬರಲಿಲ್ಲ. ಮುನಿಗಳು ಸಂತೃಪ್ತರಾಗಿ ಹೋದ ಮೇಲೆ ಪದ್ಮವ್ವ ಅಡುಗೆಮನೆಯಲ್ಲೇ ಕುಸಿದಳು. ನ್ಯುಮೋನಿಯಾ. ಬದುಕಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಆ ಡಾಕ್ಟರರಿಗೆ ಫೋನ್ ಮಾಡಿದೆ. ‘ಪೇಷಂಟ್ ಕೆಮ್ಮು ನಿಲ್ಲಸ್ರಿ ಅಂತ ಕೇಳಿದ್ರು ಮೇಡಂ, ನಿಲ್ಲಿಸಿದೆ’ ಎಂದರು. ತಾವು ಮಾಡಿದ್ದೇನೆಂಬ ಅರಿವು ಅವರ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ಬೇಡಿದ್ದನ್ನು ಕೊಡಲು ನಾವೇನು ಕಿರಾಣಿ ಅಂಗಡಿ ಇಟ್ಟಿದ್ದೇವೆಯೇ ಎಂದೆ. ಲೈನ್ ಕತ್ತರಿಸಿದರು.

ಪದ್ಮವ್ವ ಮಾತ್ರ ನಾನು ಅಲ್ಲಿದ್ದಷ್ಟು ಕಾಲ ಮತ್ತೆ ಆ ತಪ್ಪು ಮಾಡಲಿಲ್ಲ. ಎಚ್ಚರವಾದ ಮೇಲೆ ನನ್ನ ಕೈ ಹಿಡಿದು, ‘ಬಾಯಾರ, ಇನ್ನ ಮ್ಯಾಲ ಯಾರ ಮುಂದೂ ಕೆಮ್ಮ ತಡಿಯೂದಿಲ್ರಿ’ ಎಂದಳು. ನಾನು ನಿವೃತ್ತಳಾಗುವವರೆಗೆ ಅವಳು ಚೆನ್ನಾಗಿದ್ದಳು.

ಆಮೇಲೆ ಕೊರೋನಾ ಬಂದು ಹೋಯಿತು. ಕೆಮ್ಮುವವರನ್ನು ಜನ ಕಳ್ಳರಂತೆ ನೋಡುವುದು ಶುರುವಾಯಿತು. ಬಸ್ಸಿನಲ್ಲಿ ಪಕ್ಕ ಕೂರುವುದಿಲ್ಲ, ಮದುವೆಗೆ ಕರೆಯುವುದಿಲ್ಲ. ಮನೆಯಲ್ಲೇ ಪದ್ಮವ್ವನ ಹಾಸಿಗೆ ಹೊರಗಿನ ಕೋಣೆಗೆ ಹೋಯಿತೆಂದು ಕೇಳಿದೆ. ಮೊಮ್ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲವಂತೆ. ಇದು ಅಂಟುವುದಿಲ್ಲ ಎಂದು ಅಜಿತನಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದರೂ, ‘ನನಗ ಗೊತ್ತೈತ್ರಿ ಬಾಯಾರ, ಬಾಜೂ ಮನಿಯವರಿಗೆ ಯಾರ ಹೇಳಬೇಕ್ರಿ’ ಎನ್ನುತ್ತಿದ್ದ.

ಈಚೆಗೆ ನನ್ನ ಹಳೆಯ ವಿಭಾಗದವರು ಒಂದು ಸಭೆಗೆ ಕರೆದರು. ಕಠಿಣವಾದ ರೋಗಿಗಳ ಬಗ್ಗೆ ಎಲ್ಲ ವೈದ್ಯರು ಕೂಡಿ ಚರ್ಚಿಸಿ ತೀರ್ಮಾನಿಸುವ ಸಭೆ. ಈಗಿನ ಮುಖ್ಯಸ್ಥ ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತವನು. ತಣ್ಣಗಿನ ಸಭಾಂಗಣ, ಪಿಂಗಾಣಿ ಕಪ್ಪಿನಲ್ಲಿ ಚಹಾ, ಬಿಸ್ಕತ್ತು. ಪರದೆಯ ಮೇಲೆ ಸ್ಕ್ಯಾನಿನ ಚಿತ್ರ ಮೂಡಿತು. ಒಬ್ಬ ತರುಣ ವೈದ್ಯ ಓದತೊಡಗಿದ. ಖಾನಾಪುರದ ವೃದ್ಧೆ, ತೀವ್ರ ಸಿಒಪಿಡಿ, ಪದೇ ಪದೇ ದಾಖಲಾತಿ, ಕಫ ಇಲ್ಲ. ಕೆಮ್ಮಿನಿಂದ ತುಂಬಾ ದಣಿಯುತ್ತಾರೆ, ಆದ್ದರಿಂದ ಬೆಳಗಿನ ಕಫ ತೆಗೆಯುವ ವ್ಯಾಯಾಮ ನಿಲ್ಲಿಸಿ, ಕೆಮ್ಮು ಅಡಗಿಸುವ ಔಷಧ ಮುಂದುವರಿಸಿ ಮನೆಗೆ ಕಳಿಸುವ ಯೋಚನೆಯಿದೆ. ಮುಖ್ಯಸ್ಥ ತಲೆಯಾಡಿಸುತ್ತಿದ್ದ.

ನಾನು ತಿರುಗಿ ನೋಡಿದೆ. ಗೋಡೆಯ ಬದಿಗೆ ಗಾಲಿಕುರ್ಚಿಯಲ್ಲಿ ಪದ್ಮವ್ವ. ಗುರುತು ಸಿಗದಷ್ಟು ಸೊರಗಿದ್ದಳು. ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಸೆರಗನ್ನು ಬಾಯಿಗೆ ಒತ್ತಿಹಿಡಿದಿದ್ದಳು. ಎದ್ದು ಹತ್ತಿರ ಹೋದೆ. ಗುರುತಿಸಿ ಕಣ್ಣರಳಿಸಿದಳು.

‘ಪದ್ಮವ್ವಾ, ಕೆಮ್ಮ ಯಾಕ ತಡಕೊಂಡೀರಿ?’

ಸೆರಗು ಸರಿಸದೆ ಹೇಳಿದಳು. ‘ದೊಡ್ಡ ಡಾಕ್ಟರರ ಮೀಟಿಂಗ್ ಐತಿ, ಒಳಗ ಕೆಮ್ಮಬ್ಯಾಡ ಅಂತ ಹೇಳಿ ಕರಕೊಂಡ ಬಂದಾರ್ರಿ.’

ಎದೆರೋಗದ ವೈದ್ಯರ ಸಭೆ. ಚರ್ಚೆ ಅವಳ ಎದೆಯದು. ಅಲ್ಲಿ ಅವಳು ಕೆಮ್ಮಬಾರದು. ಉಗುಳಲು ಏನಾದರೂ ಕೊಡಿ ಎಂದೆ. ಆ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇತ್ತು, ಮೈಕ್ ಇತ್ತು, ಹೂವಿನ ಕುಂಡ ಇತ್ತು, ಅದೊಂದು ಇರಲಿಲ್ಲ. ನನ್ನ ಚಹಾವನ್ನು ಹೂವಿನ ಕುಂಡಕ್ಕೆ ಸುರಿದು, ಖಾಲಿ ಕಪ್ಪನ್ನು ಅವಳ ಬಾಯಿಗೆ ಹಿಡಿದೆ. ‘ಕೆಮ್ಮರ್ರಿ. ನಾ ಅದೀನಿ.’

ಅವಳು ಮುಂದಕ್ಕೆ ಬಾಗಿ, ಕಲಿಸಿದ ಹಾಗೆಯೇ ಉಸಿರು ಎಳೆದು, ‘ಹಾ’ ಎಂದು ದಬ್ಬಿದಳು. ಮತ್ತೊಮ್ಮೆ. ಆಮೇಲೆ ಕೆಮ್ಮು ತಾನಾಗಿ ಬಂತು. ಹಸಿರು, ಮಂದ, ನಾರುವ ಕಫ. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ಚಹಾದ ಕಪ್ ತುಂಬಿತು. ಅದನ್ನು ತಂದು ಮೇಜಿನ ಮೇಲೆ, ಮುಖ್ಯಸ್ಥನ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

‘ನಿಮ್ಮ ‘ಕಫ ಇಲ್ಲ’ ಇಲ್ಲೈತಿ, ನೋಡ್ರಿ’ ಎಂದೆ.

ಅವನು ಕರವಸ್ತ್ರ ಮೂಗಿಗೆ ಒಯ್ದ. ನಾನು ದಿಟ್ಟಿಸಿ ನೋಡುತ್ತಿದ್ದುದನ್ನು ಕಂಡು ಕೈ ಕೆಳಗಿಳಿಸಿದ. ಬಗ್ಗಿ ಕಪ್ಪಿನೊಳಗೆ ನೋಡಿದ, ಬಹಳ ಹೊತ್ತು ನೋಡಿದ. ‘ಇದನ್ನ ಈಗಿಂದೀಗ ಲ್ಯಾಬಿಗೆ ಕಳಸ್ರಿ. ಆ ಕೆಮ್ಮಿನ ಔಷಧ ಬಂದ್ ಮಾಡ್ರಿ’ ಎಂದ. ಓದುತ್ತಿದ್ದ ತರುಣ ಪರದೆಯ ಕಡೆ ನೋಡಿದ, ಪದ್ಮವ್ವನ ಕಡೆ ನೋಡಿದ.

ಪದ್ಮವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಷ್ಟು ಜನ ಕೂತ ಸಭಾಂಗಣದಲ್ಲಿ, ಎಲ್ಲರಿಗೂ ಕೇಳುವಂತೆ, ಯಾವ ನಾಚಿಕೆಯೂ ಇಲ್ಲದೆ ಹೇಳಿದಳು: ‘ಇನ್ನೂ ಐತ್ರಿ.’

ಹಿಂದಿನ ಸಾಲಿನಲ್ಲಿ ಕೂತಿದ್ದ, ನನಗೆ ಹೆಸರೂ ಗೊತ್ತಿಲ್ಲದ ಒಬ್ಬಳು ಹೊಸ ಡಾಕ್ಟರ್ ತನ್ನ ಕಪ್ಪಿನ ಚಹಾವನ್ನು ಕುಂಡಕ್ಕೆ ಸುರಿದು ಎದ್ದು ಬಂದಳು. ಪದ್ಮವ್ವನ ಮುಂದೆ ಮಂಡಿಯೂರಿ ಕೂತು ಆ ಖಾಲಿ ಕಪ್ ಹಿಡಿದಳು.